ಹದಿನಾರೂವರಿ ಇಂಚು

ಖಡೇಬಜಾರದ ಹಿಂದ, ಕಾಳೋಜಿ ಬಡಿಗೇರನ ಕಾರಖಾನ್ಯಾಗ
ಬಾಗಲದ ಬಲಕ್ಕ ನಂದೊಂದು ಗೋಣಿತಟ್ಟು.
ಕಣ್ಣು ಏಳನೇ ವರ್ಷಕ್ಕ ಹೋದ್ವು, ಸಿಡುಬಿಗೆ.
ಬೆತ್ತ ಹೆಣ್ಯಾಕ ಕಲಿಸಿದ್ರು ಕುರುಡರ ಸಾಲ್ಯಾಗ;
ಮೇದಾರರ ಹುಡುಗಗ ಬೆತ್ತ ಕಲಿಸೂದು
ಮೀನಿಗೆ ಈಜು ಕಲಿಸಿದಂಗ ಅಂತ ನಮ್ಮವ್ವ ನಕ್ಕಿದ್ಲು.

ಕುರ್ಚಿ ಅಂದ್ರ ನನಗ ಮೊದಲು ತೂತು.
ಚೌಕಟ್ಟಿನ ಸುತ್ತ ಎಪ್ಪತ್ತೆರಡು, ಎಂಬತ್ತು.
ಬೆರಳಿಟ್ಟು ಎಣಿಸಿದ್ರ ಗೊತ್ತಾಗತೈತಿ
ಯಾವನು ಕೊರೆದ, ಅವತ್ತು ಉಂಡಿದ್ನೋ ಇಲ್ಲೋ.

ಕ್ಯಾಂಪಿನ ಬಂಗಲೆಯಿಂದ ಬಂದಿತ್ತು ಒಂದು ಆರಾಮಕುರ್ಚಿ,
ಖಾನಾಪುರದ ಸಾಗವಾನಿ.
ಕೈ ಅನ್ನೋವು ಕೈಯಲ್ಲ, ಎರಡು ಹಲಗಿ ರಸ್ತೆ,
ಬೂಟುಗಾಲು ಚಾಚಿ ಮಲಗಾಕ.
ತಿಕ್ಕಿ ತಿಕ್ಕಿ ತುದಿ ಸವೆದಿತ್ತು,
ಸವೆದಲ್ಲಿ ಮರ ಬೆಣ್ಣಿಯಂಗ.
ಮನಷ್ಯಾ ಹ್ವಾದ, ಅವನ ಹಿಮ್ಮಡ ಅಲ್ಲೇ ಉಳದಿತ್ತು.

ಕೋರ್ಟಿನ ಕುರ್ಚಿ ಬ್ಯಾರೆ.
ಸಾಹೇಬರದಕ್ಕ ಕೈ, ಎತ್ತರದ ಬೆನ್ನು, ಕೆತ್ತಿದ ತುರಾಯಿ.
ಶಿರಸ್ತೇದಾರದಕ್ಕ ಕೈ ಐತಿ, ತುರಾಯಿ ಇಲ್ಲ.
ಗುಮಾಸ್ತನದಕ್ಕ ಬೆನ್ನು ಮಾತ್ರ.
ಪಟ್ಟೇವಾಲನ ಸ್ಟೂಲಿಗೆ ಅದೂ ಇಲ್ಲ,
ಸಾಕ್ಷಿದಾರ ನಿಂತೇ ಇರಬೇಕು.
ಒರಗಾಕೂ ಒಂದು ಪಗಾರ ಇತ್ತು ಅಂತ
ಬೆರಳಿಂದ ತಿಳಕೊಂಡೆ, ಪುಸ್ತಕದಿಂದಲ್ಲ.

ಆಮ್ಯಾಲ ಒಂದು ಕಾಲ ಬಂತು, ಕುರ್ಚಿ ಒಮ್ಮೆಲೆ ಸಣಕಲಾತು.
ಹೂವು, ಬಳ್ಳಿ, ಸಿಂಹದ ಪಾದ ಎಲ್ಲಾ ಹೋತು.
ಕಾಲು ಕೆಳಕೆಳಗ ಗಜ್ಜರಿಯಂಗ ಸಣ್ಣಾಗಿ
ಹೊರಗ ಚಾಚಿದ್ವು, ಆಗಷ್ಟ ಹುಟ್ಟಿದ ಕರು ನಿಂತಂಗ.
ಕಾಳೋಜಿಯ ಅಪ್ಪ ಮಾನೋಜಿ ಬೈತಿದ್ದ:
"ಉಪವಾಸದ ಕುರ್ಚಿ, ಫಕೀರಾ! ಇದಕ್ಕ ರೊಕ್ಕ ಕೊಡ್ತಾರ?"
ಬೈಕೋತ ಬೈಕೋತ ಹನ್ನೆರಡು ಮಾಡಿದ
ಟಿಳಕವಾಡಿಯ ಒಬ್ಬ ಡಾಕ್ಟರಿಗೆ.
ಹದಿಮೂರನೇದ್ದು ತನಗ.
ಯಾರೂ ಕೇಳಬಾರದು ಅಂತ ಒಳಗ ಇಟ್ಟ,
ನನಗ ಮಾತ್ರ ಮುಟ್ಟಾಕ ಕೊಟ್ಟ. ಬೆನ್ನಿನ ಪಟ್ಟಿ ಒಳಬಾಗಿ
ಅಂಗೈಯಂಗ ಕಾಯತಿತ್ತು.
ಕೆತ್ತನಿ ಬಿಟ್ಟಿದ್ದೂ ಒಂದು ಕೆತ್ತನಿನ, ಮಾಮಾ, ಅಂದೆ.
ಅಂವ ಬೀಡಿ ಹಚ್ಚಿದ ಸಪ್ಪಳ ಕೇಳತು, ಅಷ್ಟ.

ಅಲ್ಲಿಂದೀಚೆಗಿನದು ಬೆರಳಿಗೆ ಬೇಕಾಗಿಲ್ಲ.
ಸನ್ಮೈಕಾ: ಮರದ ಫೋಟೋ ಅಂತಾರ, ನನಗ ತಂಪು ತಗಡು.
ಬೆತ್ತ ಹೋಗಿ ಪ್ಲಾಸ್ಟಿಕ್ ವೈರು, ವೈರು ಹೋಗಿ ಫೋಮು.
ಈಗ ಡಬ್ಬ್ಯಾಗ ಬರತೈತಿ, ಹೊಟ್ಟು ಒತ್ತಿದ ಹಲಗಿ,
ಒಂದು ಡೊಂಕ ಕೀಲಿ, ಎಂಟು ಸ್ಕ್ರೂ.
ಮೂಸಿದ್ರ ಕಾಡಿನ ವಾಸನಿ ಇಲ್ಲ, ಅಂಟಿನದ್ದು.
ಖರೇ ಹೇಳಬೇಕಂದ್ರ, ನಮ್ಮ ಮೊಮ್ಮಗಳು ಓದೂದು
ಅಂಥಾ ಮೇಜಿನ ಮ್ಯಾಲನ;
ಕಾಳೋಜಿಯ ಮೇಜು ನನ್ನ ರೊಕ್ಕಕ್ಕ ನಿಲುಕಂಗಿಲ್ಲ.

ಹ್ವಾದ ತಿಂಗಳು ಒಬ್ಬಾಕಿ ಬಂದ್ಲು, ತ್ರಿಶಲಾ ಉಪಾಧ್ಯೆ.
ಕುರ್ಚಿ ಮಾಡೂದನ್ನ ಐದು ವರ್ಷ ಓದ್ಯಾಳಂತ.
(ಓದೂದಾ? ಅಂತ ಕಾಳೋಜಿ ಚಹಾ ಚೆಲ್ಲಿಕೊಂಡ.)
ಕಾಗದ ಹಾಸಿದ್ಲು, ಸರಸರ ಸಪ್ಪಳ.
ಮೊಳಿ ಒಂದೂ ಇಲ್ಲ, ತೂತು ಮತ್ತ ನಾಲಿಗಿ, ಒಂದರಾಗ ಒಂದು.
ಬೆತ್ತ ಬೇಕು, ಅಚ್ಚಿನದ್ದಲ್ಲ, ಕೈಯಿಂದ ಹೆಣೆದದ್ದು.

ಎತ್ತರ ಎಷ್ಟವ್ವಾ?
"ಹದಿನೆಂಟು ಇಂಚು. ಎಲ್ಲಾ ಕಡೆ ಅಷ್ಟ ಅಲ್ಲೇನ್ರಿ?"
ಹಡಗದಾಗ ಬಂದ ಲೆಕ್ಕ ಅದು, ಅಂದೆ,
ಉದ್ದ ಕಾಲಿನವರದು. ಅವರು ಹೋಗಿ ಎಷ್ಟೋ ವರ್ಷಾತು,
ಅರ್ಧ ಬೆಳಗಾವಿ ಇನ್ನೂ ಕಾಲು ಜೋತುಬಿಟ್ಟು ಕುಂತೈತಿ.

ಆಕಿ ಮಾತಾಡಲಿಲ್ಲ.
ಸ್ವಲ್ಪ ಹೊತ್ತಿಗೆ ಮೊಣಕಾಲ ಹಿಂದ ತಣ್ಣಗ ಏನೋ ತಾಗಿತು, ಟೇಪು.
"ಕಟ್ಟಿ ಮ್ಯಾಲ ಕುಂದರ್ರಿ ಅಜ್ಜಾ. ಹಿಮ್ಮಡ ಊರ್ರಿ."
ಐವತ್ತು ವರ್ಷ ನೆಲದ ಮ್ಯಾಲ ಕುಂತು ಕುರ್ಚಿ ಅಳೆದೀನಿ.
ನನ್ನನ್ನ ಯಾವ ಕುರ್ಚಿನೂ ಅಳದಿರಲಿಲ್ಲ.

"ಹದಿನಾರೂವರಿ," ಅಂದ್ಲು, ಬರಕೊಂಡ್ಲು.
ಚಪ್ಪಲಿಗೆ ಕಾಲು ಇಂಚು ಬಿಡವ್ವಾ, ಅಂದೆ.

ನಿನ್ನೆ ಚೌಕಟ್ಟು ಬಂತು. ಎಪ್ಪತ್ತೇಳು ತೂತು,
ಒಂದು ಹೆಚ್ಚಿಗಿ, ಹಿಂದಿನ ಎಡ ಮೂಲ್ಯಾಗ.
ಕಾಳೋಜಿ ಉಂಡಿರಲಿಲ್ಲ ಕಾಣತೈತಿ.
ಬೆತ್ತ ನೆನಿಯಾಕ ಇಟ್ಟೀನಿ.